ನಾಲ್ಕು ಎಣಿಸುವಷ್ಟು ಹೊತ್ತು

ಶಿಕಾಗೋ
19 ಸೆಪ್ಟೆಂಬರ್ 1971

ಪದ್ಮಜಾ,

ನೀನು, ಶೇಷಾದ್ರಿಯವರು, ರೇಣು ಮೂವರೂ ಆರೋಗ್ಯವಾಗಿದ್ದೀರಿ ಎಂದುಕೊಂಡೇ ಶುರುಮಾಡುತ್ತೇನೆ. ಹಾಗೆ ಅಂದುಕೊಳ್ಳದಿದ್ದರೆ ಬರೆಯಲು ಕೈ ಏಳುವುದಿಲ್ಲ.

ಮೊನ್ನೆ ಫೋನಿನಲ್ಲಿ ರೇಣು ಒಂದು ಮಾತೂ ಆಡಲಿಲ್ಲ. "ಅಮ್ಮ ಕಣೇ" ಎಂದೆ. ಉಸಿರು ಕೇಳಿಸಿತು, ಅಷ್ಟೇ. ನನ್ನ ಹಿಂದೆ ಮನೆಯೊಡತಿ ಫೋನಿಗೆ ಕಾಯುತ್ತ ನಿಂತಿದ್ದಳು, ಇಟ್ಟುಬಿಟ್ಟೆ. ಐದು ವರ್ಷದ ಮಗು ನಾಲ್ಕು ತಿಂಗಳಲ್ಲಿ ತಾಯಿಯ ದನಿ ಮರೆಯುತ್ತದೆಯೇ? ನೀನು ಬಿ.ಎ. ಓದಿದವಳು, ನಿನಗೆ ಗೊತ್ತಿರಬಹುದು. ನಿಮ್ಮಣ್ಣ ತೀರಿಹೋದ ಮೇಲೆ ನನಗೆ ಯಾವುದೂ ಗಟ್ಟಿಯಾಗಿ ಗೊತ್ತಿಲ್ಲ. ಈ ಕಟ್ಟಡದಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಬಾಗಿಲಲ್ಲೇ ಬರೆದಿದೆ. ಬೇಸಿಗೆಯೊಳಗೆ ಬೇರೆ ಮನೆ ಹುಡುಕುತ್ತೇನೆ. ಅಲ್ಲಿಯವರೆಗೆ ಅವಳು ನಿನ್ನ ಮಡಿಲಲ್ಲಿ. ಶಾಲೆಯ ಬಸ್ಸಿನ ಮೆಟ್ಟಿಲು ಬಹಳ ಎತ್ತರ ಎಂದೆಯಲ್ಲ, ಕೈ ಹಿಡಿದು ಹತ್ತಿಸು. ಬಲಗಿವಿಯ ಓಲೆಯ ತಿರುಪು ಸಡಿಲ. ನುಂಗಿಬಿಟ್ಟಾಳು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರಿಗೆ ಯೂನಿವರ್ಸಿಟಿಯಲ್ಲಿ ಎಂಥ ಕೆಲಸ ಅತ್ತಿಗೆ ಎಂದು ನೀನು ಕೇಳಿದ್ದೆ. ಕನ್ನಡ ಕಲಿಸುವವರು ಪ್ರೊಫೆಸರು. ನಾನು ಬರಿಯ ದನಿ. ಗೋಡೆಗೆಲ್ಲ ಕಂಬಳಿಯಂಥದ್ದು ಹೊಡೆದ ಸಣ್ಣ ರೂಮು, ಒಂದು ಗಾಜಿನ ಕಿಟಕಿ. ಗಾಜಿನಾಚೆ ಟೇಪಿನ ಯಂತ್ರದ ಮುಂದೆ ಶರಣಪ್ಪ ಕೂರುತ್ತಾನೆ, ಧಾರವಾಡದ ಕಡೆಯವನು, ಇಲ್ಲಿ ಓದುತ್ತಿದ್ದಾನೆ. ಅವನು ಬರೆದುಕೊಟ್ಟ ವಾಕ್ಯವನ್ನು ನಾನು ಓದಬೇಕು, ಆಮೇಲೆ ಮನಸ್ಸಿನಲ್ಲೇ ನಾಲ್ಕು ಎಣಿಸುವಷ್ಟು ಹೊತ್ತು ಸುಮ್ಮನಿರಬೇಕು, ಮತ್ತೆ ಮುಂದಿನ ವಾಕ್ಯ. ಆ ಬಿಡುವಿನಲ್ಲಿ ಕಲಿಯುವ ಹುಡುಗರು ನನ್ನ ಹಾಗೆ ಹೇಳಿ ಅಭ್ಯಾಸ ಮಾಡುತ್ತಾರೆ. ನಾನು ಕೆಮ್ಮಬಾರದು, ಬಳೆ ಅಲುಗಬಾರದು. "ಅಕ್ಕಾರ, ಉಸಿರು ಸುದ್ದಾ ಸಣ್ಣಗ ಬಿಡ್ರಿ. ಆ ಜಾಗಾ ನಿಮ್ಮದಲ್ಲ, ಕಲಿಯೋರದ್ದು" ಎನ್ನುತ್ತಾನೆ ಶರಣಪ್ಪ.

ಪಕ್ಕದ ರೂಮಿನಲ್ಲಿ ಚೀನೀ ಭಾಷೆಯ ದನಿ. ಲಿನ್ ಎಂದು ಹೆಸರು, ಪೀಕಿಂಗ್‌ನಿಂದ ಬಂದು ಹನ್ನೆರಡು ವರ್ಷವಾಯಿತಂತೆ. ಒಂಬತ್ತು ವರ್ಷದ ಹಿಂದೆ ನಮ್ಮಿಬ್ಬರ ದೇಶಗಳು ಹೊಡೆದಾಡಿದವು. ಈಗ ನಾವಿಬ್ಬರೂ ಒಂದೇ ಥರ್ಮಾಸಿನ ಬಿಸಿನೀರು ಕುಡಿಯುತ್ತೇವೆ. ಅವಳ ಇಂಗ್ಲಿಷು ನನ್ನದರಷ್ಟೇ, ಹಾಗಾಗಿ ಚೆನ್ನಾಗಿ ಅರ್ಥವಾಗುತ್ತದೆ.

ನಿನ್ನೆ ಶನಿವಾರ ಬೆಳಿಗ್ಗೆ ರೇಣುಗೆಂದು ಒಂದು ಟೇಪು ಮಾಡಿದೆ. ಈ ಪತ್ರದ ಜೊತೆ ಅದೂ ಇದೆ. ಅದೇ ಕ್ರಮದಲ್ಲಿ ಮಾಡಿದ್ದೇನೆ, ನನಗೆ ಬರುವುದು ಅದೊಂದೇ. ನಾನು ಕೇಳುತ್ತೇನೆ, ಅವಳು ಉತ್ತರ ಹೇಳಲು ಬಿಡುವು ಬಿಟ್ಟಿದ್ದೇನೆ. ಶೇಷಾದ್ರಿಯವರ ಹತ್ತಿರ ಯಂತ್ರ ಇದೆಯಲ್ಲ, ಹಾಕಿ ತೋರಿಸು. ಯಂತ್ರಕ್ಕೆ ತೀರ ಹತ್ತಿರ ಕೂರಿಸಬೇಡ, ಕರೆಂಟಿನ ವಸ್ತು.

ವತ್ಸಲಾ


ಸೌತ್‌ಫೀಲ್ಡ್
3 ಅಕ್ಟೋಬರ್ 1971

ಅತ್ತಿಗೆಯವರಿಗೆ ಪದ್ಮಜಾಳ ನಮಸ್ಕಾರ.

ಓಲೆ ನುಂಗಿಲ್ಲ. ತಿರುಪು ಬಿಗಿ ಮಾಡಿಸಿದೆ. ಬಸ್ಸಿನ ಡ್ರೈವರಮ್ಮ ಅವಳನ್ನು ಎತ್ತಿಯೇ ಹತ್ತಿಸಿಕೊಳ್ಳುತ್ತಾಳೆ, ನಮ್ಮ ರಾಣಿಗೆ ಅದೇ ಬೇಕು. ಮೊದಲು ನಿಮ್ಮ ಎದೆಬಡಿತ ಇಳಿಯಲಿ ಅಂತ ಇವನ್ನೇ ಬರೆದೆ.

ಟೇಪ್ ಬಂತು. ಇವರು ವಿಕ್ಸಮ್‌ನ ಕಾರು ಕಾರ್ಖಾನೆಯಿಂದ ಬಂದವರು ಟೈ ಕೂಡ ಬಿಚ್ಚದೆ ಯಂತ್ರ ಜೋಡಿಸಿದರು. ನೀವು "ರೇಣು, ಊಟ ಮಾಡಿದೆಯಾ" ಎಂದು ಕೇಳಿದ ಕೂಡಲೇ ಅವಳು ಬೆನ್ನು ನೆಟ್ಟಗೆ ಮಾಡಿ ಕೂತು "ಮಾಡ್ದೆ" ಎಂದಳು. "ಏನು ತಿಂದೆ?" "ಹುಳಿ ಅನ್ನ." ಅತ್ತಿಗೆ, ಅವಳು ತಿಂದಿದ್ದು ಬ್ರೆಡ್ಡಿಗೆ ಹಚ್ಚಿದ ಕಡಲೆಕಾಯಿ ಬೆಣ್ಣೆ. "ಯಾಕೆ ಕಂದ ಸುಳ್ಳು ಹೇಳಿದೆ" ಎಂದರೆ "ಅಮ್ಮ ಬೇಜಾರು ಮಾಡ್ಕೋತಾಳೆ" ಅಂದಳು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು ಯಂತ್ರಕ್ಕೆ ಮಾತ್ರ ಕನ್ನಡ. ಇವರು ತಮಾಷೆಗೆ, "ನಾವೂ ಒಂದೊಂದು ಸ್ಪೀಕರ್ ತಲೆ ಮೇಲೆ ಹೊತ್ಕೊಂಡು ಮಾತಾಡೋಣ ಕಣೇ" ಅಂತಾರೆ.

ದಿನಾ ಸ್ಕೂಲಿಂದ ಬಂದ ತಕ್ಷಣ ಒಂದು ಸಲ ಕೇಳಲೇಬೇಕು. ಅದೇ ಪ್ರಶ್ನೆ, ಆದರೆ ಉತ್ತರ ದಿನಕ್ಕೊಂದು. ಮರೆತಿಲ್ಲ ಅತ್ತಿಗೆ. ನಿಮ್ಮ ದನಿ ಬಂದಾಗ ಅವಳ ಮುಖ ನೋಡಬೇಕಿತ್ತು.

ನಿಮ್ಮ ಪದ್ಮಜಾ


ಶಿಕಾಗೋ
10 ಅಕ್ಟೋಬರ್ 1971

ಪದ್ಮಜಾ,

ನಿನ್ನ ಪತ್ರವನ್ನು ಬಸ್ಸಿನಲ್ಲಿ ಮೂರು ಸಲ ಓದಿ ಇಳಿಯಬೇಕಾದ ಕಡೆ ಇಳಿಯಲಿಲ್ಲ.

ಇನ್ನೊಂದು ಟೇಪು ಕಳಿಸಿದ್ದೇನೆ. ಉತ್ತರ ದಿನಕ್ಕೊಂದು ಎಂದೆಯಲ್ಲ, ಅವಳಿಗೆ ಹೇಳುವುದು ಬಹಳ ಇದೆ ಎಂದು ಈ ಸಲ ಬಿಡುವು ಉದ್ದ ಬಿಟ್ಟಿದ್ದೇನೆ. ನಾಲ್ಕರ ಬದಲು ಹತ್ತು, ಹನ್ನೆರಡು ಎಣಿಸುವಷ್ಟು. ಶರಣಪ್ಪ ಗಾಜಿನಾಚೆಯಿಂದ ಕೈ ಬೀಸಿ, ಯಾಕೆ ನಿಂತಿರಿ ಎಂದು ಸನ್ನೆ ಮಾಡುತ್ತಿದ್ದ. ಅಂದು ದಿನವಿಡೀ ಓದಿ ಗಂಟಲು ಕಟ್ಟಿತ್ತು, ತಲೆಯೂ ಸರಿಯಿರಲಿಲ್ಲ. ಸಪ್ಪೆಯಾಗಿದ್ದರೆ ಕ್ಷಮಿಸು. ಅವಳಿಗೆ ಸಪ್ಪೆ ಎನ್ನಿಸಿತೇ, ಬರೆ.

ಟೇಪು ಮುಗಿಸಿ ಹೊರಗೆ ಬಂದಾಗ ಲಿನ್ ಕೇಳಿದಳು, ಬಿಡುವಿನಲ್ಲಿ ನೀನು ಏನು ಮಾಡುತ್ತೀ ಎಂದು. ಎಣಿಸುತ್ತೇನೆ ಎಂದೆ. "ಎಣಿಸುವುದು ಮಾತ್ರವಾ?" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ದೀಪಾವಳಿಗೆ ಬರಲಾಗುವುದಿಲ್ಲ, ಪಾಠಗಳು ಮುಗಿದಿಲ್ಲ. ಅವಳಿಗೆ ಎಣ್ಣೆನೀರು ಹಾಕು. ಕಣ್ಣಿಗೆ ಸೀಗೆಪುಡಿ ಬೀಳದ ಹಾಗೆ ನೋಡಿಕೋ. ಅಲ್ಲಿ ಸೀಗೆಪುಡಿ ಎಲ್ಲಿ ಸಿಕ್ಕೀತು, ನಾನೊಬ್ಬಳು.

ವತ್ಸಲಾ


ಸೌತ್‌ಫೀಲ್ಡ್
21 ನವೆಂಬರ್ 1971

ಅತ್ತಿಗೆ,

ಒಂದು ವಿಷಯ ಕೇಳಬೇಕು. ನೀವು ಗಾಬರಿಯಾಗುತ್ತೀರಿ ಅಂತ ಎರಡು ವಾರ ತಡೆದೆ. ಇವರು "ಬರೀಬೇಡ, ಅವರು ಮೊದಲೇ ಹಾಗೆ" ಎಂದರು. ಬರೆಯದೆ ಇರುವುದು ನನಗೆ ಸರಿ ಕಾಣಲಿಲ್ಲ.

ರೇಣು ಎರಡನೆಯ ಟೇಪನ್ನೇ ಹಾಕಿಸಿಕೊಳ್ಳುತ್ತಾಳೆ. ಮೊದಲ ವಾರ ಎಲ್ಲ ಸರಿಯಿತ್ತು. ಆಮೇಲೆ ಉತ್ತರ ಹೇಳುವುದನ್ನು ನಿಲ್ಲಿಸಿದಳು. ಬೇಜಾರಾಯಿತೇನೋ ಅಂದುಕೊಂಡೆ. ಹಾಗಲ್ಲ. ನಿಮ್ಮ ಪ್ರಶ್ನೆ ಬಂದಾಗ ಅವಳು ಗೊಂಬೆಯ ಜೊತೆ ಆಡುತ್ತಾಳೆ, ನನ್ನ ಹತ್ತಿರ ನೀರು ಕೇಳುತ್ತಾಳೆ, ನಿಮ್ಮ ಮಾತಿನ ಮೇಲೇ ಮಾತಾಡುತ್ತಾಳೆ. ನೀವು ನಿಲ್ಲಿಸಿದ ಕೂಡಲೇ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ತಲೆ ಒಂದು ಕಡೆಗೆ ವಾಲಿಸಿ, ಕಿವಿಗೊಟ್ಟು ಕೂರುತ್ತಾಳೆ. ಬಿಡುವು ಮುಗಿದು ನಿಮ್ಮ ದನಿ ಬಂದರೆ ಮತ್ತೆ ಆಟ.

ನಾನೂ ಪಕ್ಕದಲ್ಲಿ ಕೂತು ಕೇಳಿದೆ. ಬಿಡುವಿನಲ್ಲಿ ಟೇಪು ಸುತ್ತುವ ಸುಯ್ಯೆನ್ನುವ ಸದ್ದು ಬಿಟ್ಟು ಬೇರೇನೂ ಇಲ್ಲ. ಇವರು ದನಿ ಪೂರ್ತಿ ಏರಿಸಿ ಕೇಳಿದರು. ಏನೂ ಇಲ್ಲ.

"ಏನು ಕೇಳಿಸ್ಕೋತಿದೀಯ ಪುಟ್ಟಿ?"

"ಅಮ್ಮನ್ನ."

"ಅಮ್ಮ ಈಗ ತಾನೆ ಮಾತಾಡಿದ್ರಲ್ಲ, ನೀನು ಆಟ ಆಡ್ತಿದ್ದೆ."

"ಅದು ಟೀಚರ್" ಎಂದಳು. "ಟೀಚರ್ ಸುಮ್ನಾದ್ಮೇಲೆ ಅಮ್ಮ ಮಾತಾಡ್ತಾಳೆ."

ನಿಮ್ಮನ್ನು ಯಾರೋ ಟೀಚರ್ ಎನ್ನುತ್ತಾರೆಂದು ನಾವೇ ಅವಳೆದುರು ಆಡಿಕೊಂಡಿದ್ದೆವು, ಅದು ತಲೆಯಲ್ಲಿ ಕೂತಿರಬೇಕು. ಮಕ್ಕಳ ಆಟ ಇರಬಹುದು. ಆದರೂ ನೀವು ಆ ಬಿಡುವಿನಲ್ಲಿ ಸಣ್ಣಗೆ ಏನಾದರೂ ಹೇಳಿದ್ದಿರಾ?

ಪದ್ಮಜಾ


ಶಿಕಾಗೋ
28 ನವೆಂಬರ್ 1971

ಪದ್ಮಜಾ,

ಇಲ್ಲ. ಏನೂ ಹೇಳಿಲ್ಲ. ನನ್ನ ತುಟಿ ಅಲುಗಿದ್ದರೆ ಶರಣಪ್ಪ ಗಾಜಿನಾಚೆಯಿಂದಲೇ ನಿಲ್ಲಿಸುತ್ತಿದ್ದ. ಅವನನ್ನೂ ಕೇಳಿದೆ. "ಇಲ್ರೀ ಅಕ್ಕಾರ, ಸೂಜಿ ಒಂದು ಕೂದಲಷ್ಟೂ ಎದ್ದಿಲ್ಲ. ಸತ್ತಂಗ ಬಿದ್ದಿತ್ತು" ಎಂದ. ಸದ್ದಿದ್ದರೆ ಯಂತ್ರದ ಮುಳ್ಳು ಮೇಲೇಳುತ್ತದೆ, ಸೂಜಿ ಎಂದದ್ದು ಅದಕ್ಕೆ.

ಅವಳಿಗೆ ಜ್ವರವಿದೆಯೇ? ಕಿವಿಯಲ್ಲಿ ಏನಾದರೂ? ಡಾಕ್ಟರಿಗೆ ತೋರಿಸು. ಕಿವಿಯೊಳಗೆ ಸದ್ದು ಬರುವ ಕಾಯಿಲೆ ಇರುತ್ತದಂತೆ. ನೀರು ಹೋಗಿದ್ದರೂ ಹೋಗಿರಬಹುದು.

ನಾನು ಟೀಚರ್ ಆದೆನೇ ಅವಳಿಗೆ? ಈ ಒಂದು ಮಾತು ನೀನು ಬರೆಯದೆ ಇದ್ದಿದ್ದರೆ ಚೆನ್ನಾಗಿತ್ತು. ಬರೆದದ್ದು ಒಳ್ಳೆಯದಾಯಿತು ಎಂದೂ ಅನಿಸುತ್ತದೆ.

ಲಿನ್‌ಗೆ ಹೇಳಿದೆ. ಅವಳು ಲೋಟ ಕೆಳಗಿಟ್ಟು ಬಾಗಿಲು ಮುಂದೆ ಮಾಡಿದಳು. ಇಲ್ಲಿ ಸೇರಿದ ಮೊದಲ ವರ್ಷ ಬಿಡುವಿನಲ್ಲಿ ಅವಳು ತನ್ನ ತಾಯಿಯನ್ನು ನೆನೆಯುತ್ತ ಕೂರುತ್ತಿದ್ದಳಂತೆ, ತಾಯಿ ಕಾಲು ಮುರಿದುಕೊಂಡು ಊರಿನಲ್ಲಿ ಮಲಗಿದ್ದರು. ಆರು ತಿಂಗಳ ಮೇಲೆ, ಟೇಪು ಕೇಳಿ ಕಲಿತ ಹುಡುಗನೊಬ್ಬ ಬಂದು ತಪ್ಪು ತಪ್ಪು ಚೀನಿಯಲ್ಲಿ, ನಿಮ್ಮ ತಾಯಿಯ ಕಾಲು ಹೇಗಿದೆ ಎಂದು ಕೇಳಿದನಂತೆ. ಅವಳು ಈ ದೇಶದಲ್ಲಿ ಯಾರ ಹತ್ತಿರವೂ ತಾಯಿಯ ವಿಷಯ ಎತ್ತಿದವಳಲ್ಲ. ಯಾರು ಹೇಳಿದರು ಎಂದರೆ ಆ ಹುಡುಗನಿಗೇ ಗೊತ್ತಿಲ್ಲ. ಪಾಠದಲ್ಲಿ ಇತ್ತಲ್ಲ ಎಂದನಂತೆ. ಅಂದಿನಿಂದ ಅವಳು ಬಿಡುವಿನಲ್ಲಿ ಅಂಕಿ ಬಿಟ್ಟು ಬೇರೇನನ್ನೂ ಮನಸ್ಸಿಗೆ ಬರಗೊಡುವುದಿಲ್ಲ. "ಓನ್ಲಿ ಕೌಂಟ್" ಎಂದಳು. "ಓನ್ಲಿ ಕೌಂಟ್, ವತ್ಸಲಾ."

ಅವಳಿಗೆ ವಯಸ್ಸಾಯಿತು, ಒಬ್ಬಳೇ ಇರುತ್ತಾಳೆ. ನಾನು ಇದನ್ನೆಲ್ಲ ನಂಬುವವಳಲ್ಲ. ನೀನೂ ನಂಬಬೇಡ. ರೇಣು ಆ ಬಿಡುವಿನಲ್ಲಿ ಏನು ಕೇಳಿಸಿಕೊಳ್ಳುತ್ತಾಳೋ ಅದನ್ನು ಮಾತ್ರ ಅವಳ ಬಾಯಿಂದ ತಿಳಿದು ಬರೆ. ಹೆದರಿಸಬೇಡ. ನಾನು ಕೇಳಿದೆ ಎಂದೂ ಹೇಳಬೇಡ.

ವತ್ಸಲಾ


ಸೌತ್‌ಫೀಲ್ಡ್
9 ಜನವರಿ 1972

ಅತ್ತಿಗೆ,

ಕ್ರಿಸ್‌ಮಸ್ ರಜೆಗಾದರೂ ಬರುತ್ತೀರಿ ಅಂದುಕೊಂಡಿದ್ದೆ. ಕೆಲಸ ಅಂದಿರಿ. ಇರಲಿ. ಡಾಕ್ಟರು ಕಿವಿ ನೋಡಿದರು, ಏನೂ ಇಲ್ಲ, ಬಾವಲಿಯಷ್ಟು ಚುರುಕು ಕಿವಿ ಅಂದರು.

ನೀವು ಕೇಳಿದ್ದನ್ನು ಬರೆಯುತ್ತೇನೆ. ನಾನು ಅವಳನ್ನು ಕೇಳಲಿಲ್ಲ, ಅವಳೇ ತಲೆ ಬಾಚಿಸಿಕೊಳ್ಳುವಾಗ ಹೇಳಿದಳು.

"ಅತ್ತೆ, ಅಮ್ಮ ಹಾಸಿಗೇಲಿ ಮಲಗಲ್ಲ. ಕುರ್ಚೀಲಿ ಮಲಗ್ತಾಳೆ. ಹಾಸಿಗೆ ದೊಡ್ಡದಂತೆ."

ಇನ್ನೊಂದು ದಿನ, "ಅಮ್ಮ ಅಪ್ಪನ ಷೂನ ಕಿಟಕಿ ಹತ್ರ ಇಟ್ಟಿದಾಳೆ. ಆಚೆಯಿಂದ ನೋಡೋರಿಗೆ ಗಂಡಸರು ಇದಾರೆ ಅಂತ ಗೊತ್ತಾಗ್ಲಿ ಅಂತ."

ಇವು ನಿಜವೇ? ನಿಮ್ಮ ರೂಮಿಗೆ ನಾನು ಬಂದಿಲ್ಲ. ಅವಳೂ ಬಂದಿಲ್ಲ. ಸುಳ್ಳಾದರೆ ಒಂದೇ ಸಾಲು ಬರೆದುಬಿಡಿ, ನನ್ನ ಎದೆ ಹಗುರಾಗುತ್ತದೆ.

ಈಗ ಮೂರನೆಯದು. ಹೋದ ವಾರ ನಾರ್ತ್‌ವಿಲ್‌ನಲ್ಲಿ ಒಂದು ಮನೆ ನೋಡಿ ಬಂದೆವು. ಮೂರು ಬೆಡ್‌ರೂಮು, ಹಿಂದೆ ಸೇಬಿನ ಮರ. ಇವರು "ಇದು ರೇಣುದು" ಅಂತ ಮೂಲೆಯ ರೂಮು ತೋರಿಸಿದರು. ತಮಾಷೆಗೆ ಅಂದರೋ ಆಸೆಗೆ ಅಂದರೋ ನಾನು ಕೇಳಲಿಲ್ಲ. ಹತ್ತು ವರ್ಷದಿಂದ ನಮಗೆ ಮಕ್ಕಳಿಲ್ಲ, ನಿಮಗೆ ಗೊತ್ತು. ಕಾರಿನಲ್ಲಿ ವಾಪಸು ಬರುವಾಗ ಅವಳು ಹಿಂದಿನ ಸೀಟಿನಿಂದ ಹೇಳಿದಳು:

"ಹೌದು, ಅಮ್ಮ ಹೇಳಿದಾಳೆ. ನೀನು ಅಲ್ಲೇ ಇದ್ಬಿಡು ರೇಣು, ನನ್ನ ಕೈಲಿ ಆಗಲ್ಲ ಅಂತ."

ಇವರು ಕಾರನ್ನು ರಸ್ತೆಯ ಪಕ್ಕಕ್ಕೆ ಹಾಕಿ ನಿಲ್ಲಿಸಿದರು.

ಅತ್ತಿಗೆ, ನಿಮ್ಮ ಹತ್ತಿರ ಮುಚ್ಚಿಡಲಾರೆ. ಆ ಮಾತು ಕೇಳಿದಾಗ ಮೊದಲು ಬಂದದ್ದು ಸಂತೋಷ. ಭಯ ಬಂದದ್ದು ಆಮೇಲೆ.

ಪದ್ಮಜಾ


ಶಿಕಾಗೋ
16 ಜನವರಿ 1972

ಪದ್ಮಜಾ,

ಕುರ್ಚಿ ನಿಜ. ಷೂ ನಿಜ. ಈ ರೂಮಿಗೆ ಬಂದಾಗಿನಿಂದ ಆ ಹಾಸಿಗೆಯ ಮೇಲೆ ಬಟ್ಟೆ ಮಡಚಿ ಇಡುತ್ತೇನೆ, ಮಲಗುವುದಿಲ್ಲ. ಇದು ಇಲ್ಲಿ ಯಾರಿಗೂ ಗೊತ್ತಿಲ್ಲ, ಮೈಸೂರಿನ ಮನೆಗೂ ಬರೆದಿಲ್ಲ.

ಮೂರನೆಯದನ್ನೂ ಬರೆಯುತ್ತೇನೆ. ನಿನ್ನೆಯಿಂದ ನಾಲ್ಕು ಕಾಗದ ಹರಿದೆ.

ಎರಡನೆಯ ಟೇಪು ಮಾಡಿದ ದಿನ ನನಗೆ ಎಣಿಸಲಾಗಲಿಲ್ಲ. "ರೇಣು, ಶಾಲೆಯಲ್ಲಿ ಏನು ಕಲಿತೆ" ಎಂದು ಕೇಳಿ ಸುಮ್ಮನಾದೆ. ಒಂದು, ಎರಡು ಎನ್ನುವಷ್ಟರಲ್ಲಿ ಬೇರೆ ಯೋಚನೆ ಬಂತು. ನನಗೆ ಅವಳ ಶಾಲೆಯ ಕಾಗದ ಓದಲು ಬರುವುದಿಲ್ಲ. ಜ್ವರ ಬಂದರೆ ಡಾಕ್ಟರಿಗೆ ಹೇಳಲು ಬರುವುದಿಲ್ಲ. ರಸ್ತೆ ದಾಟುವಾಗ ನನಗೇ ಕೈ ನಡುಗುತ್ತದೆ, ಅವಳ ಕೈ ಹೇಗೆ ಹಿಡಿಯಲಿ. ಪದ್ಮಜಾಳ ಮನೆಯಲ್ಲಿ ಎಲ್ಲ ಇದೆ. ಅಲ್ಲೇ ಇದ್ದುಬಿಡು ರೇಣು, ನನ್ನ ಕೈಲಿ ಆಗಲ್ಲ. ಇದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ತುಟಿ ತೆರೆದಿಲ್ಲ. ಮನಸ್ಸಿನಲ್ಲಿ ಅಂದುಕೊಂಡೆ, ಮತ್ತೆ "ನಿನ್ನ ಗೆಳತಿಯ ಹೆಸರೇನು" ಎಂದು ಮುಂದಿನ ಪ್ರಶ್ನೆ ಓದಿದೆ. ಪ್ರಶ್ನೆ ಕೇಳುವ ನನ್ನ ದನಿ ಪಾಠದ ದನಿ. ಅದನ್ನು ಅವಳು ಟೀಚರ್ ಎಂದದ್ದರಲ್ಲಿ ತಪ್ಪಿಲ್ಲ.

ಆ ಟೇಪನ್ನು ಇನ್ನು ಹಾಕಬೇಡ. ಸುಡಬೇಡ, ಬಿಸಾಡಬೇಡ, ಏನಾಗುತ್ತದೋ. ಎತ್ತಿಡು.

ನೀನು ಸಂತೋಷ ಪಟ್ಟದ್ದಕ್ಕೆ ನನಗೆ ಕೋಪವಿಲ್ಲ. ಆದರೆ ಪದ್ಮಜಾ, ಆ ಯೋಚನೆ ಆ ದಿನದ್ದು. ಮರುದಿನ ನನಗೆ ಅವಳು ಬೇಕಾಗಿದ್ದಳು. ಅಂದು ಟೇಪು ಓಡುತ್ತಿರಲಿಲ್ಲ, ಅಷ್ಟೇ. ನನಗೆ ನನ್ನ ಮಗಳು ಬೇಕು.

ವತ್ಸಲಾ


ಸೌತ್‌ಫೀಲ್ಡ್
6 ಫೆಬ್ರವರಿ 1972

ಅತ್ತಿಗೆ,

ಟೇಪ್ ಎತ್ತಿಟ್ಟು ಎರಡು ವಾರಕ್ಕೆ ಮೇಲಾಯಿತು. ಮೊದಲ ದಿನ ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. ಯಂತ್ರದ ಮುಂದೆ ತನ್ನ ಹೊತ್ತಿಗೆ ಕೂತಳು, ಅದು ಆಫ್ ಆಗಿತ್ತು. ಟೇಪು ಮುಗಿಯುವಷ್ಟು ಹೊತ್ತು ಕೂತು ಎದ್ದು ಹೋದಳು. ದಿನಾ ಹಾಗೇ. ಈಗ ಮಾತು ಬಹಳ ಕಡಿಮೆ. ಸ್ಕೂಲಿನಿಂದ ಫೋನ್ ಮಾಡಿದ್ದರು: ಎಲ್ಲ ಮಕ್ಕಳೂ ಹಾಡುವಾಗ ಇವಳು ಕಿವಿ ಮುಚ್ಚಿಕೊಳ್ಳುತ್ತಾಳಂತೆ, ಹಾಡು ನಿಂತರೆ ಕೈ ತೆಗೆಯುತ್ತಾಳಂತೆ.

ನಿನ್ನೆ ನಾನು ಅವಳ ಪಕ್ಕ ಕೂತು ಹುರುಳಿಕಾಯಿ ಬಿಡಿಸುತ್ತಿದ್ದೆ. ಏನೂ ಮಾತಾಡಿರಲಿಲ್ಲ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಅತ್ತೆ, ನೀನು ಅಳ್ಬೇಡ" ಎಂದಳು. ನಾನು ಅಳುತ್ತಿರಲಿಲ್ಲ. ಆದರೆ ನಾರ್ತ್‌ವಿಲ್‌ನ ಆ ಮೂಲೆ ರೂಮಿನ ಯೋಚನೆ ಬಂದಿತ್ತು.

ನೀವು ಪತ್ರ ಬರೆಯಬೇಡಿ. ಫೋನ್ ಮಾಡಬೇಡಿ. ಬನ್ನಿ.

ಪದ್ಮಜಾ


ಶಿಕಾಗೋ
12 ಮಾರ್ಚ್ 1972

ಪದ್ಮಜಾ,

ರೇಣು, ನಾನು ಇಲ್ಲಿಗೆ ಬಂದು ಎರಡು ವಾರವಾಯಿತು. ಹೊಸ ಮನೆಯಲ್ಲಿ ಎರಡು ಕೋಣೆ, ಮೂರನೆಯ ಮಹಡಿ, ಮನೆಯೊಡೆಯನಿಗೂ ಮೊಮ್ಮಕ್ಕಳಿದ್ದಾರೆ. ರೇಣು ಹತ್ತಿರದ ಶಾಲೆಗೆ ಹೋಗುತ್ತಾಳೆ. ನಾನು ಮಧ್ಯಾಹ್ನ ಅವಳನ್ನು ಕರೆದುಕೊಂಡು ಕೆಲಸಕ್ಕೆ ಬಂದರೆ ಲಿನ್ ತನ್ನ ರೂಮಿನಲ್ಲಿ ಕೂರಿಸಿಕೊಳ್ಳುತ್ತಾಳೆ.

ನಾನು ಅಲ್ಲಿಗೆ ಬಂದ ದಿನ ನಿನ್ನನ್ನೂ ಶೇಷಾದ್ರಿಯವರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಸಿದೆ. ಒಳಗೆ ಏನಾಯಿತು ಎಂದು ನೀನು ಕೇಳಲಿಲ್ಲ. ನೀನು ಅವಳ ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬಿದೆ, ಉಪ್ಪಿನಕಾಯಿ ಬಾಟಲಿ ಸುತ್ತಿ ಇಟ್ಟೆ, ಕಾರಿನ ತನಕ ಬಂದೆ. ಈಗ ಬರೆಯುತ್ತೇನೆ, ನಿನಗೆ ಸಲ್ಲಬೇಕಾದದ್ದು ಅದು.

ಅವಳು ಮಂಚದ ಮೇಲೆ ಕೂತಿದ್ದಳು. ನಾನು ಹತ್ತಿರ ಹೋಗಿ ಮಾತಾಡಲು ಶುರುಮಾಡಿದೆ. ಹೇಗಿದೀಯಾ ಕಂದ, ಅಮ್ಮ ಬಂದಿದೀನಿ ನೋಡು, ಎಷ್ಟು ಉದ್ದ ಆಗಿದೀಯಾ. ನಾನು ಮಾತಾಡುತ್ತಿದ್ದಷ್ಟು ಹೊತ್ತೂ ಅವಳು ತನ್ನ ಪಾಡಿಗೆ ಗೊಂಬೆಗೆ ಏನೋ ಹೇಳುತ್ತಿದ್ದಳು. ಕೊನೆಗೆ ತಲೆ ಎತ್ತಿ, "ಟೀಚರ್, ಅಮ್ಮ ಯಾವಾಗ ಬರ್ತಾಳೆ?" ಎಂದು ಬಹಳ ಮರ್ಯಾದೆಯಿಂದ ಕೇಳಿದಳು.

ನಾನು ಬಾಯಿ ಮುಚ್ಚಿದೆ. ಮುಚ್ಚಿದ ತಕ್ಷಣ ಅವಳು ಗೊಂಬೆಯನ್ನು ಕೆಳಗಿಟ್ಟು ತಲೆ ವಾಲಿಸಿದಳು. ನೀನು ಬರೆದಿದ್ದ ಹಾಗೆಯೇ. ಅಭ್ಯಾಸ ನೋಡು, ನಾನು ಎಣಿಸಲು ಶುರುಮಾಡಿದೆ. ಒಂದು, ಎರಡು, ಮೂರು. ಅವಳ ಮುಖದಲ್ಲಿ ಏನೂ ಇಲ್ಲ, ಅಂಗಡಿಯ ಬಾಗಿಲು ತೆರೆಯಲೆಂದು ಕಾಯುವವರ ಹಾಗೆ ನನ್ನನ್ನೇ ನೋಡುತ್ತಿದ್ದಳು. ಓನ್ಲಿ ಕೌಂಟ್ ಎಂದ ಲಿನ್‌ಳನ್ನು ನೆನೆದೆ, ಆಮೇಲೆ ಎಣಿಸುವುದನ್ನು ಬಿಟ್ಟೆ.

ಬಿಟ್ಟ ಕೂಡಲೇ ಬಂದದ್ದು ಕೆಟ್ಟದ್ದೇ. ಇಲ್ಲಿ ಇವಳಿಗೆ ಎಲ್ಲ ಇದೆ, ಸೇಬಿನ ಮರ ಇರುವ ಮನೆ ಬರುತ್ತದೆ, ನಿನಗೇನು ಗೊತ್ತು ವತ್ಸಲಾ ಎಂದು. ಅವಳು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿ ಮಲಗಿದಳು. ನಾನು ತಡೆಯಲಿಲ್ಲ. ಒಳ್ಳೆಯದನ್ನು ಯೋಚಿಸಿ ಕರೆಯಬೇಕೆಂದು ಎಷ್ಟು ಒದ್ದಾಡಿದರೂ ಬಂದದ್ದೆಲ್ಲ ಪಾಠದ ವಾಕ್ಯಗಳ ಹಾಗೇ ಇತ್ತು: ನಿನಗೆ ಹೊಸ ಮನೆ ಇದೆ, ನಿನಗೆ ಹೊಸ ಶಾಲೆ ಇದೆ. ಅವಳು ಅಲುಗಲಿಲ್ಲ. ಹೊರಗೆ ನೀನು ನಲ್ಲಿ ತಿರುಗಿಸಿದ್ದು, ನಿಲ್ಲಿಸಿದ್ದು ಕೇಳಿಸಿತು. ನಾನು ಸೋತೆ. ಸೋತ ಮೇಲೆ ತಾನಾಗಿ ಬಂದದ್ದು ಒಂದೇ ಮಾತು. ರೇಣು, ಆ ರೂಮಿನಲ್ಲಿ ಒಬ್ಬಳೇ ಇರಲು ನನಗೆ ಭಯವಾಗುತ್ತದೆ.

ತಾಯಿಯಾದವಳು ಮಗುವಿಗೆ ಹೇಳುವ ಮಾತಲ್ಲ ಅದು. ಬಾಯಿಬಿಟ್ಟು ಹೇಳಲು ನನ್ನಿಂದ ಸಾಯುವವರೆಗೂ ಆಗುತ್ತಿರಲಿಲ್ಲ.

ಅವಳು ಎದ್ದಳು. ಮಂಚದ ಕೆಳಗೆ ಬಗ್ಗಿ ಬೂಟು ಎಳೆದುಕೊಂಡು, ಎಡಕ್ಕೆ ಬಲದ್ದನ್ನು ಹಾಕಿಕೊಂಡು ನನ್ನ ಮುಂದೆ ನಿಂತಳು. "ನಾನು ಬರ್ತೀನಲ್ಲಮ್ಮ" ಎಂದಳು. ಅಮ್ಮ ಎಂದಳು ಪದ್ಮಜಾ. ಆಗ ನಾನು ಬಾಗಿಲು ತೆಗೆದದ್ದು.

ನಿನ್ನಿಂದ ಏನನ್ನು ತೆಗೆದುಕೊಂಡು ಬಂದೆ ಎಂದು ನನಗೆ ಗೊತ್ತಿದೆ. ಬೇಸಿಗೆ ರಜೆಗೆ ಅವಳು ಅಲ್ಲಿಗೇ ಬರುತ್ತಾಳೆ. ಆ ಮೂಲೆಯ ರೂಮನ್ನು ಬೇರೆಯವರಿಗೆ ಕೊಡಬೇಡ.

ಇಲ್ಲಿ ಈಗ ನಮ್ಮ ಮನೆ ಹೇಗಿದೆ ಎಂದರೆ, ನಾನು ಮಾತಾಡಿದರೆ ಅವಳು ಮಾತಾಡುತ್ತಾಳೆ, ಜಗಳವಾಡುತ್ತಾಳೆ, ಹುಳಿ ಬೇಡ ಎನ್ನುತ್ತಾಳೆ. ಟೀಚರ್ ಎನ್ನುವುದಿಲ್ಲ. ಎಲ್ಲ ಸರಿಯಾಯಿತು ಎಂದೇ ಲಿನ್‌ಗೆ ಹೇಳಿದ್ದೇನೆ. ಆದರೆ ನಾನು ಸುಮ್ಮನೆ ಕೂರಲು ಹೆದರುತ್ತೇನೆ. ಅನ್ನ ಬಸಿಯುವಾಗ, ಬಟ್ಟೆ ಹಿಂಡುವಾಗ ಏನಾದರೂ ವಟಗುಟ್ಟುತ್ತಲೇ ಇರುತ್ತೇನೆ, ನಡುವೆ ಜಾಗ ಬೀಳದ ಹಾಗೆ. ನನ್ನಂಥವಳ ತಲೆಯಲ್ಲಿ ದಿನಕ್ಕೆ ಎಷ್ಟು ಬಂದು ಹೋಗುತ್ತವೆ ನಿನಗೆ ಗೊತ್ತು. ಅಷ್ಟನ್ನೂ ಒಂದು ಮಗು ಕೇಳಬಾರದು.

ಪತ್ರ ಬರೆಯುವಾಗ ಮಾತ್ರ ವಟಗುಟ್ಟಲಾಗುವುದಿಲ್ಲ.

ಮಧ್ಯಾಹ್ನದಿಂದ ಹೀಟರಿನ ಕೊಳವೆ ತಣ್ಣಗಿದೆ. ಮನೆಯೊಡೆಯನಿಗೆ ಹೇಳಿ ಬಂದೆ, ನಾಳೆ ಎಂದ. ಅವಳು ಮೇಜಿನ ಆ ಕಡೆ ಕೂತು ಬಣ್ಣ ಹಚ್ಚುತ್ತಿದ್ದಾಳೆ, ಕೋಟು ಹಾಕಿಸಿದ್ದೇನೆ. ಇಷ್ಟು ಬರೆದು ಪೆನ್ನು ನಿಂತಿತು. ಅಲ್ಲೇ ಬಿಟ್ಟಿದ್ದರೆ ಮಗು ಬೆಚ್ಚಗೆ ಇರುತ್ತಿತ್ತು, ಇನ್ನೂ ಕಾಲ ಮೀರಿಲ್ಲ ಎಂದು ಮನಸ್ಸಿಗೆ ಬಂತು. ಹಳೆಯ ಯೋಚನೆಯೇ, ಬೇರೆ ದಾರಿ ಹಿಡಿದು ಬಂದದ್ದು. ನಾನು ಉಸಿರು ಸಣ್ಣಗೆ ಬಿಡುತ್ತ ಕಾಗದ ನೋಡುತ್ತ ಕೂತಿದ್ದೆ.

ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. ಸ್ವಲ್ಪ ಬೇಸರದಿಂದಲೇ ಹೇಳಿದಳು: "ಎಷ್ಟು ಸಲ ಹೇಳ್ಲಮ್ಮ, ನಂಗೆ ಚಳಿ ಇಲ್ಲ ಅಂತ."

ನಿನ್ನ ಅತ್ತಿಗೆ,
ವತ್ಸಲಾ